ಗಣಿತ ಪ್ರಶ್ನೋತ್ತರ: ಕ್ಯಾಟಗರಿ ಸಿದ್ಧಾಂತವನ್ನು ಮಸಾಅದಿಂದ ಆರಂಭಿಸಿ

ಪ್ರಶ್ನೆ: ನಾನು ವಿಜಯಪುರದಲ್ಲಿ ಗಣಿತ ಎಂ.ಎಸ್ಸಿ.ಯ ಎರಡನೆಯ ವರ್ಷದಲ್ಲಿದ್ದೇನೆ. ಈ ಬಾರಿ ಆಲ್ಜೀಬ್ರಾ ಪತ್ರಿಕೆಯ ಜೊತೆಗೆ ಕ್ಯಾಟಗರಿ ಸಿದ್ಧಾಂತದ ಪರಿಚಯವೂ ಇದೆ. ಕ್ಯಾಟಗರಿ, ಫಂಕ್ಟರ್, ನ್ಯಾಚುರಲ್ ಟ್ರಾನ್ಸ್‌ಫರ್ಮೇಶನ್ ಎಂಬ ಮೂರೂ ವ್ಯಾಖ್ಯೆಗಳನ್ನು ಬಾಯಿಪಾಠದಿಂದ ಬರೆಯಬಲ್ಲೆ, ಆದರೆ ಅವು ಯಾತರ ಬಗ್ಗೆ ಇವೆ ಎಂಬುದು ತಿಳಿಯುತ್ತಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ್ದು ಇದಕ್ಕೆ ಕಾರಣವೇ?
— ಒಬ್ಬ ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಖಂಡಿತ ಅಲ್ಲ. ಈ ವಿಷಯಕ್ಕೆ ಬೇಕಾದ ಅತ್ಯುತ್ತಮ ಉದಾಹರಣೆಯನ್ನು ನೀವು ಎಳೆಯ ವಯಸ್ಸಿನಲ್ಲೇ ಮಸಾಅ (ಮಹತ್ತಮ ಸಾಮಾನ್ಯ ಅಪವರ್ತನ), ಲಸಾಅ (ಲಘುತ್ತಮ ಸಾಮಾನ್ಯ ಅಪವರ್ತ್ಯ) ಎಂಬ ಹೆಸರುಗಳಲ್ಲಿ ಕಲಿತಿದ್ದೀರಿ. ಅದನ್ನು ಈ ಹೊಸ ಪಾಠದ ಪಕ್ಕದಲ್ಲಿಟ್ಟು ನೋಡುವುದಷ್ಟೇ ಬಾಕಿ ಇದೆ.

ಧನಪೂರ್ಣಾಂಕಗಳನ್ನೇ ವಸ್ತುಗಳೆಂದು ಇಟ್ಟುಕೊಳ್ಳಿ. ಒಂದು ಸಂಖ್ಯೆ ಇನ್ನೊಂದನ್ನು ಶೇಷವಿಲ್ಲದೆ ಭಾಗಿಸಿದರೆ ಮೊದಲನೆಯದರಿಂದ ಎರಡನೆಯದಕ್ಕೆ ಒಂದು ಬಾಣ ಎಳೆಯಿರಿ, ಭಾಗಿಸದಿದ್ದರೆ ಎಳೆಯಬೇಡಿ. 3 ರಿಂದ 6 ಕ್ಕೂ 6 ರಿಂದ 18 ಕ್ಕೂ ಬಾಣವಿರುವುದರಿಂದ 3 ರಿಂದ 18 ಕ್ಕೆ ಬಾಣವಿದೆ, ಇದು ಸಂಯೋಜನೆ. ಪ್ರತಿಯೊಂದು ಸಂಖ್ಯೆಯೂ ತನ್ನನ್ನು ತಾನು ಭಾಗಿಸುತ್ತದೆ, ಇದು ಐಡೆಂಟಿಟಿ. ಎರಡು ಸಂಖ್ಯೆಗಳ ನಡುವೆ ಒಂದಕ್ಕಿಂತ ಹೆಚ್ಚು ಬಾಣ ಇರುವುದೇ ಇಲ್ಲವಾದ್ದರಿಂದ ಸಹವರ್ತನ ನಿಯಮ ತಾನಾಗಿಯೇ ಪಾಲನೆಯಾಗುತ್ತದೆ. ನಿಮ್ಮ ಮುಂದೆ ಈಗ ಒಂದು ಕ್ಯಾಟಗರಿ ಇದೆ.

ಇದರಲ್ಲಿ 12 ಮತ್ತು 18 ನ್ನು ತೆಗೆದುಕೊಳ್ಳಿ. ಇವೆರಡರ ಕಡೆಗೂ ಬಾಣವಿರುವ ಸಂಖ್ಯೆಗಳು 1, 2, 3 ಮತ್ತು 6. ಇವುಗಳಲ್ಲಿ 6 ರ ವಿಶೇಷವೇನು? ಶಾಲೆಯಲ್ಲಿ 'ಎಲ್ಲಕ್ಕಿಂತ ದೊಡ್ಡದು' ಎಂದಿರಿ. ಇಲ್ಲಿ ದೊಡ್ಡದು, ಚಿಕ್ಕದು ಎಂಬ ಮಾತೇ ಬೇಡ: ಉಳಿದ ಎಲ್ಲ ಸಾಮಾನ್ಯ ಭಾಜಕಗಳಿಂದಲೂ 6 ಕ್ಕೆ ಬಾಣವಿದೆ, ಅಷ್ಟು ಸಾಕು. ಕ್ಯಾಟಗರಿಯ ಭಾಷೆಯಲ್ಲಿ 6 ಎಂಬುದು 12 ಮತ್ತು 18 ರ 'ಪ್ರಾಡಕ್ಟ್'. ಬಾಣಗಳನ್ನೆಲ್ಲ ಹಿಮ್ಮುಖವಾಗಿ ತಿರುಗಿಸಿ ಅದೇ ವಾಕ್ಯವನ್ನು ಓದಿದರೆ ಲಸಾಅ, ಅಂದರೆ 36 ದೊರೆಯುತ್ತದೆ; ಅದು 'ಕೋಪ್ರಾಡಕ್ಟ್'.

ಈಗ ಆ ವಾಕ್ಯವನ್ನು ಗಣಗಳು ವಸ್ತುಗಳೂ ಫಂಕ್ಷನ್‌ಗಳು ಬಾಣಗಳೂ ಆಗಿರುವ ಕ್ಯಾಟಗರಿಗೆ ಒಯ್ಯಿರಿ. ಇಲ್ಲಿ ಎರಡು ವಸ್ತುಗಳ ನಡುವೆ ಹಲವು ಬಾಣಗಳಿರಬಹುದಾದ್ದರಿಂದ, ಪ್ರಾಡಕ್ಟಿಗೆ ಬರುವ ಬಾಣಗಳಲ್ಲಿ ಎರಡೂ ಕಡೆಯ ಬಾಣಗಳೊಡನೆ ಹೊಂದುವಂಥದ್ದು ಒಂದೇ ಒಂದು ಇರಬೇಕು ಎಂಬುದನ್ನಷ್ಟೇ ಸೇರಿಸಿ. ಪ್ರಾಡಕ್ಟ್ ಎಂಬುದು ನಿಮಗೆ ಗೊತ್ತಿರುವ ಕಾರ್ಟೀಶಿಯನ್ ಗುಣಲಬ್ಧವಾಗುತ್ತದೆ, ಕೋಪ್ರಾಡಕ್ಟ್ ಎಂಬುದು ಎರಡು ಗಣಗಳನ್ನು ಬೆರೆಯದಂತೆ ಪಕ್ಕಪಕ್ಕದಲ್ಲಿಟ್ಟ ಕೂಟವಾಗುತ್ತದೆ. ಅಬೀಲಿಯನ್ ಗ್ರೂಪ್‌ಗಳಿಗೆ ಹೋದರೆ ಎರಡು ಗ್ರೂಪ್‌ಗಳ ಪ್ರಾಡಕ್ಟೂ ಕೋಪ್ರಾಡಕ್ಟೂ ಒಂದೇ ಆಗಿಬಿಡುತ್ತವೆ. ಎಲ್ಲ ಗ್ರೂಪ್‌ಗಳ ಕ್ಯಾಟಗರಿಯಲ್ಲಿ ಮತ್ತೆ ಬೇರೆಯಾಗಿ, ಪೂರ್ಣಾಂಕಗಳ ಗ್ರೂಪನ್ನು ಅದರೊಡನೆಯೇ ಸೇರಿಸಿದ ಕೋಪ್ರಾಡಕ್ಟ್ ಎರಡು ಜನಕಗಳ ಫ್ರೀ ಗ್ರೂಪ್ ಆಗುತ್ತದೆ. ವಸ್ತುವಿನ ಒಳಗೆ ಏನಿದೆ ಎಂದು ಇಣುಕದೆ, ಅದಕ್ಕೆ ಬರುವ ಮತ್ತು ಅದರಿಂದ ಹೋಗುವ ಬಾಣಗಳಿಂದಲೇ ಅದನ್ನು ಗುರುತಿಸುವುದು ಈ ವಿಷಯದ ತಿರುಳು. 'ಯೂನಿವರ್ಸಲ್ ಪ್ರಾಪರ್ಟಿ' ಎಂಬ ದೊಡ್ಡ ಹೆಸರಿನ ಹಿಂದೆ ಇರುವುದು ಇದೇ. ಒಂದೇ ಜೋಡಿಗೆ ಎರಡು ಪ್ರಾಡಕ್ಟ್‌ಗಳಿದ್ದರೆ ಅವು ಐಸೊಮಾರ್ಫಿಕ್ (ಪರಸ್ಪರ ವಿಲೋಮವಾದ ಎರಡು ಬಾಣಗಳಿಂದ ಜೋಡಣೆಯಾದವು) ಎಂಬ ಪ್ರಮೇಯದ ಸಾಧನೆ ನಾಲ್ಕೈದು ಸಾಲಿನದು. ಪುಸ್ತಕ ಮುಚ್ಚಿ ಅದನ್ನು ಬರೆಯಲು ಸಾಧ್ಯವಾದ ದಿನ ನೀವು ಈ ವಿಷಯದ ಒಳಗೆ ಕಾಲಿಟ್ಟಿದ್ದೀರಿ ಎಂದು ನಾನು ನಂಬುತ್ತೇನೆ.

ವ್ಯಾಖ್ಯೆಗಳ ವಿಷಯದಲ್ಲಿ ಇನ್ನೊಂದು ಮಾತು. ಸ್ಯಾಮ್ಯುಯೆಲ್ ಐಲೆನ್‌ಬರ್ಗ್ ಮತ್ತು ಸಾಂಡರ್ಸ್ ಮ್ಯಾಕ್‌ಲೇನ್ 1945 ರಲ್ಲಿ ಈ ಸಿದ್ಧಾಂತವನ್ನು ಮಂಡಿಸಿದಾಗ ಅವರಿಗೆ ಮುಖ್ಯವಾಗಿ ಬೇಕಾಗಿದ್ದದ್ದು ಮೂರನೆಯ ವ್ಯಾಖ್ಯೆ. ನ್ಯಾಚುರಲ್ ಟ್ರಾನ್ಸ್‌ಫರ್ಮೇಶನ್ ಎಂದರೇನೆಂದು ಹೇಳಲು ಫಂಕ್ಟರ್ (ಒಂದು ಕ್ಯಾಟಗರಿಯ ವಸ್ತುಗಳನ್ನೂ ಬಾಣಗಳನ್ನೂ ಇನ್ನೊಂದಕ್ಕೆ ಒಯ್ಯುವ ನಿಯಮ) ಬೇಕಾಯಿತು, ಫಂಕ್ಟರ್ ಎಂದರೇನೆಂದು ಹೇಳಲು ಕ್ಯಾಟಗರಿ ಬೇಕಾಯಿತು. ಆದ್ದರಿಂದ ಪಾಠವನ್ನು ಒಮ್ಮೆ ಕೊನೆಯಿಂದ ಮೊದಲಿಗೆ ಓದಿ ನೋಡಿ. ಸೀಮಿತ ಆಯಾಮದ ವೆಕ್ಟರ್ ಸ್ಪೇಸಿಗೂ ಅದರ ಡ್ಯುಯಲ್‌ಗೂ (ವೆಕ್ಟರುಗಳಿಗೆ ಸಂಖ್ಯೆಗಳನ್ನು ಕೊಡುವ ರೇಖೀಯ ಫಂಕ್ಷನಲ್‌ಗಳ ಸ್ಪೇಸಿಗೂ) ಆಯಾಮ ಒಂದೇ, ಆದರೆ ಒಂದನ್ನು ಇನ್ನೊಂದಕ್ಕೆ ಹೊಂದಿಸಲು ನೀವು ಸಾಮಾನ್ಯವಾಗಿ ಒಂದು ಬೇಸಿಸ್ ಆರಿಸಿಕೊಳ್ಳುತ್ತೀರಿ. ನೀವು ಆರಿಸಿದ ಬೇಸಿಸ್ ಬೇರೆ, ನಿಮ್ಮ ಗೆಳತಿ ಆರಿಸಿದ್ದು ಬೇರೆ ಆದರೆ ಉತ್ತರವೂ ಬೇರೆಯಾಗಬಹುದು. ಡ್ಯುಯಲ್‌ನ ಡ್ಯುಯಲ್‌ಗೆ ಹೋಗುವಾಗ ಯಾವ ಆಯ್ಕೆಯೂ ಬೇಕಿಲ್ಲ: ಪ್ರತಿಯೊಂದು ವೆಕ್ಟರಿಗೆ 'ಫಂಕ್ಷನಲ್ ಒಂದನ್ನು ಕೊಡಿ, ಅದು ನನ್ನ ಮೇಲೆ ತಳೆಯುವ ಬೆಲೆಯನ್ನು ಹೇಳುತ್ತೇನೆ' ಎಂಬ ನಿಯಮವನ್ನು ಹೊಂದಿಸಿದರೆ ಮುಗಿಯಿತು. 'ನ್ಯಾಚುರಲ್' ಎಂಬ ಶಬ್ದವು ಆಯ್ಕೆ ಬೇಡದ ಈ ಗುಣವನ್ನು ಹಿಡಿದಿಡಲು ಹುಟ್ಟಿದ್ದು.

ನ್ಯಾಚುರಲ್ ಟ್ರಾನ್ಸ್‌ಫರ್ಮೇಶನ್ ಎಂದರೆ ಒಂದು ಫಂಕ್ಟರ್‌ನಿಂದ ಇನ್ನೊಂದಕ್ಕೆ, ಪ್ರತಿಯೊಂದು ವಸ್ತುವಿಗೂ ಒಂದರಂತೆ ಹೋಗುವ ಬಾಣಗಳು; ಆ ವ್ಯಾಖ್ಯೆಯಲ್ಲಿ ಬರುವ ನಾಲ್ಕು ಬಾಣಗಳ ಚೌಕದ ಬಗ್ಗೆ ಎಚ್ಚರವಿರಲಿ. ಬೆಳಗಾವಿಯಿಂದ ವಿಜಯಪುರಕ್ಕೆ ಜಮಖಂಡಿಯ ಮೇಲೆಯೂ ಹೋಗಬಹುದು, ಬಾಗಲಕೋಟೆಯ ಮೇಲೆಯೂ ಹೋಗಬಹುದು. ಎರಡೂ ದಾರಿ ಒಂದೇ ಊರನ್ನು ಮುಟ್ಟುತ್ತವೆ ಎಂದ ಮಾತ್ರಕ್ಕೆ ಅವು ಒಂದೇ ದಾರಿಯಾಗುವುದಿಲ್ಲ. ಚೌಕ 'ಕಮ್ಯೂಟ್' ಆಗುತ್ತದೆ ಎಂದರೆ ಎರಡು ದಾರಿಗಳ ಸಂಯೋಜನೆಗಳು ಒಂದೇ ಬಾಣ ಎಂದರ್ಥ. ಗಣಗಳಲ್ಲಾದರೆ ಪ್ರತಿಯೊಂದು ಅಂಶದ ಮೇಲೂ ಅವೆರಡರ ಬೆಲೆ ಒಂದೇ ಎಂದು ಪರೀಕ್ಷಿಸಬೇಕು. ಬಹಳ ಮಂದಿ ವಿದ್ಯಾರ್ಥಿಗಳು ಚಿತ್ರ ಬರೆದು ಈ ಪರೀಕ್ಷೆಯನ್ನು ಬಿಟ್ಟುಬಿಡುತ್ತಾರೆ.

ಪ್ರಶ್ನೆ: ನಾನು ಬಾಗಲಕೋಟೆಯಲ್ಲಿ ಕಂಪ್ಯೂಟರ್ ಸೈನ್ಸ್ ಬಿ.ಇ. ಓದುತ್ತಿದ್ದೇನೆ. ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯುವಾಗ ಫಂಕ್ಟರ್, ಮೊನಾಡ್ ಎಂಬ ಶಬ್ದಗಳು ಎದುರಾದವು. ಗ್ರೂಪ್, ರಿಂಗ್ ಮೊದಲಾದುವನ್ನು ಓದದೆ ಇವನ್ನು ಅರಿಯಬಹುದೇ?

ಉತ್ತರ: ಅರಿಯಬಹುದು. ಮಾಹಿತಿಯ ಟೈಪ್‌ಗಳು ವಸ್ತುಗಳು, ಪ್ರೋಗ್ರಾಂನ ಫಂಕ್ಷನ್‌ಗಳು ಬಾಣಗಳು ಎಂದುಕೊಳ್ಳಿ. ಒಂದು ಟೈಪಿನಿಂದ ಆ ಟೈಪಿನ ಪಟ್ಟಿಗಳಿಗೆ ಹೋಗುವುದು, ಜೊತೆಗೆ ಫಂಕ್ಷನ್ನನ್ನು ಪಟ್ಟಿಯ ಪ್ರತಿಯೊಂದು ಅಂಶಕ್ಕೂ ಅನ್ವಯಿಸುವ 'ಮ್ಯಾಪ್', ಇವೆರಡೂ ಸೇರಿ ಫಂಕ್ಟರ್ ಆಗುತ್ತದೆ. ಪಟ್ಟಿಯನ್ನು ಹಿಂದುಮುಂದಾಗಿಸುವುದು ನ್ಯಾಚುರಲ್: ಮೊದಲು ತಿರುಗಿಸಿ ಆಮೇಲೆ ಮ್ಯಾಪ್ ಮಾಡಿದರೂ, ಮೊದಲು ಮ್ಯಾಪ್ ಮಾಡಿ ಆಮೇಲೆ ತಿರುಗಿಸಿದರೂ ಫಲ ಒಂದೇ. ಏರಿಕೆಯ ಕ್ರಮದಲ್ಲಿ ಜೋಡಿಸುವುದು ಹಾಗಲ್ಲ. 1, 2 ಎಂಬ ಪಟ್ಟಿಯನ್ನು ಜೋಡಿಸಿ ಆಮೇಲೆ ಚಿಹ್ನೆ ಬದಲಿಸಿದರೆ −1, −2 ಬರುತ್ತದೆ. ಮೊದಲು ಚಿಹ್ನೆ ಬದಲಿಸಿ ಆಮೇಲೆ ಜೋಡಿಸಿದರೆ −2, −1 ಬರುತ್ತದೆ. ಮೊನಾಡನ್ನು ಪ್ರೋಗ್ರಾಂಗಳ ಅರ್ಥವಿವರಣೆಗೆ ತಂದವರು ಯುಜೀನಿಯೊ ಮೊಗ್ಗಿ, 1980 ರ ದಶಕದ ಕೊನೆಯಲ್ಲಿ. ಮೊದಲು ಫಂಕ್ಟರ್‌ನ ಎರಡು ನಿಯಮಗಳನ್ನು (ಐಡೆಂಟಿಟಿ ಐಡೆಂಟಿಟಿಯಾಗಿಯೂ ಸಂಯೋಜನೆ ಸಂಯೋಜನೆಯಾಗಿಯೂ ಉಳಿಯುವುದು) ಪಟ್ಟಿಗಳ ಮೇಲೆ ಕೈಯಾರೆ ಪರೀಕ್ಷಿಸಿ, ಮೊನಾಡ್ ಸ್ವಲ್ಪ ಕಾಯಲಿ.

ಪ್ರಶ್ನೆ: ಬೆಳಗಾವಿಯ ಕಾಲೇಜೊಂದರಲ್ಲಿ ಈ ವಿಷಯವನ್ನು ಮೊದಲ ಬಾರಿಗೆ ಪಾಠ ಮಾಡಲಿದ್ದೇನೆ. ಮ್ಯಾಕ್‌ಲೇನ್ ಅವರ ಪುಸ್ತಕ ವಿದ್ಯಾರ್ಥಿಗಳಿಗೆ ಕಠಿಣವೆನಿಸುತ್ತಿದೆ. ಯೊನೆಡಾ ಲೆಮ್ಮಾವನ್ನು ಹೇಗೆ ತಲುಪಬೇಕು?

ಉತ್ತರ: 1971 ರ ಆ ಪುಸ್ತಕ ಆಗಲೇ ಬಹಳಷ್ಟು ಗಣಿತ ಬಲ್ಲವರಿಗಾಗಿ ಬರೆದದ್ದು. ಟಾಮ್ ಲೈನ್‌ಸ್ಟರ್ ಅವರು 2014 ರಲ್ಲಿ ಪ್ರಕಟಿಸಿದ ಪರಿಚಯ ಗ್ರಂಥ ನಿಮ್ಮ ತರಗತಿಗೆ ಹೆಚ್ಚು ಹೊಂದುತ್ತದೆ. ಆರ್ಕೈವ್ (arXiv) ಜಾಲತಾಣದಲ್ಲಿ ಅದು ಉಚಿತವಾಗಿ ದೊರೆಯುವುದರಿಂದ ಹಣದ ಚಿಂತೆಯೂ ಇಲ್ಲ.

ಒಂದು ವಸ್ತುವಿಗೆ ಬರುವ ಬಾಣಗಳೆಲ್ಲ ಗೊತ್ತಿದ್ದರೆ ಆ ವಸ್ತುವೂ ಗೊತ್ತಾದಂತೆಯೇ ಎಂಬುದು ಯೊನೆಡಾ ಲೆಮ್ಮಾದ ತಿರುಳು. ಅದಕ್ಕೆ ಮತ್ತೆ ಮಸಾಅದ ಕ್ಯಾಟಗರಿಯನ್ನೇ ತನ್ನಿ. ಅಲ್ಲಿ ಅದು ಹೇಳುವುದಿಷ್ಟು: ಮೊದಲ ಸಂಖ್ಯೆಯ ಭಾಜಕಗಳೆಲ್ಲ ಎರಡನೆಯದರ ಭಾಜಕಗಳೂ ಆಗಿದ್ದರೆ ಮೊದಲನೆಯದು ಎರಡನೆಯದನ್ನು ಭಾಗಿಸುತ್ತದೆ, ಮತ್ತು ಇದರ ವಿಲೋಮವೂ ನಿಜ. ಸಾಧನೆಯಲ್ಲಿ ಮಾಡಬೇಕಾದ ಕೆಲಸ ಒಂದೇ, ಮೊದಲ ಸಂಖ್ಯೆಯೇ ತನ್ನ ಭಾಜಕ ಎಂಬುದನ್ನು ನೆನೆಯುವುದು; ಸಾಮಾನ್ಯ ಲೆಮ್ಮಾದ ಸಾಧನೆಯಲ್ಲಿ ಐಡೆಂಟಿಟಿ ಬಾಣವನ್ನು ಹಿಡಿದು ಹೊರಡುವುದೂ ಇದೇ ಹೆಜ್ಜೆ. ಇದಾದ ಮೇಲೆ ಒಂದೇ ವಸ್ತುವಿರುವ, ಎಲ್ಲ ಬಾಣಗಳಿಗೂ ವಿಲೋಮವಿರುವ ಕ್ಯಾಟಗರಿಯನ್ನು ತೋರಿಸಿ: ಅದು ಗ್ರೂಪ್. ಅಲ್ಲಿ ಯೊನೆಡಾ ಲೆಮ್ಮಾದಿಂದ ನೇರವಾಗಿ ಹೊರಬರುವುದು, ಪ್ರತಿಯೊಂದು ಗ್ರೂಪೂ ಪರ್ಮ್ಯುಟೇಶನ್‌ಗಳ ಗ್ರೂಪೊಂದರ ಉಪಗ್ರೂಪಿಗೆ ಐಸೊಮಾರ್ಫಿಕ್ ಎಂದು ನಿಮ್ಮ ವಿದ್ಯಾರ್ಥಿಗಳು ಈಗಾಗಲೇ ಬರೆದು ಅಂಕ ಪಡೆದಿರುವ ಕೇಲಿಯ ಪ್ರಮೇಯ. ಅದನ್ನು ನೀವು ಹೇಳುವ ಮೊದಲು, ಅವರೇ ಗುರುತಿಸಲೆಂದು ಒಂದು ಪೂರ್ತಿ ತರಗತಿಯನ್ನು ಬಿಟ್ಟುಕೊಡಿ.