ಪ್ರತಿಕ್ರಿಯೆ: ಯಜಮಾನರ ವಾಯ್ಸ್ ಮೆಸೇಜ್ ಉಳಿಸಿಕೊಳ್ಳೋದು
ಕ್ಯಾನ್ಸರಿನಿಂದ ತೀರಿಕೊಂಡ ನಿಮ್ಮ ಯಜಮಾನರ ನಂಬರ್ ನಿಂತುಹೋಗಿದೆ, ಅವರ ವಾಯ್ಸ್ ಮೆಸೇಜ್‌ಗಳನ್ನ ಉಳಿಸಿಕೊಳ್ಳೋದು ಹೇಗೆ ಅಂತ ಕೇಳಿದ್ದೀರಿ. ನಂಬರ್ ನಿಂತಿರೋದು ಬಹುಶಃ ಬಳಸದೇ ಇದ್ದದ್ದಕ್ಕೆ. 90 ದಿನ ಬಳಕೆಯೂ ಇಲ್ಲದೆ, ಬ್ಯಾಲೆನ್ಸೂ ಇಲ್ಲದಿದ್ದರೆ ಸಿಮ್ ಬಂದ್ ಆಗುತ್ತೆ. ಅದರ ಜೊತೆ ಅವರ ದನಿಯೂ ಹೋಯ್ತು ಅಂತ ಗಾಬರಿಯಾಗಬೇಡಿ. ವಾಟ್ಸ್ಆ್ಯಪ್‌ನಲ್ಲಿ ನಿಮಗೆ ಕಳಿಸಿದ್ದು, ನೀವು ಡಿಲೀಟ್ ಮಾಡಿರದಿದ್ದರೆ, ನಿಮ್ಮ ಫೋನಿನಲ್ಲೇ ಇರುತ್ತೆ.

ಮೊದಲು, ಅವರ ಫೋನಿಂದ ವಾಟ್ಸ್ಆ್ಯಪ್ ತೆಗೀಬೇಡಿ, ರೀಸೆಟ್ ಮಾಡಿಸಬೇಡಿ. ಆಮೇಲೆ ನಿಮ್ಮ ಫೋನಿನ ಫೈಲ್ ಮ್ಯಾನೇಜರ್‌ನಲ್ಲಿ ಆಂಡ್ರಾಯ್ಡ್, ಮೀಡಿಯಾ, ವಾಟ್ಸ್ಆ್ಯಪ್ ಹೀಗೆ ಒಳಗೊಳಗೆ ಹೋಗಿ ‘ವಾಯ್ಸ್ ನೋಟ್ಸ್’ ಫೋಲ್ಡರ್ ಹುಡುಕಿ. ಅದನ್ನು ಪೂರ್ತಿ ಪೆನ್‌ಡ್ರೈವ್‌ಗೆ ಕಾಪಿ ಮಾಡಿ, ಇನ್ನೊಂದು ಪ್ರತಿ ಬೇರೆ ಕಡೆ ಇಡಿ. ಫೈಲ್ ಹೆಸರಲ್ಲಿ ದಿನಾಂಕ ಇರುತ್ತೆ, ಯಾರದ್ದು ಅಂತ ಇರಲ್ಲ. ಚಾಟ್ ನೋಡಿಕೊಂಡು ನಿಧಾನಕ್ಕೆ ಹೊಂದಿಸಿ.

ಕೇಳೋಕೆ ಕೂತಾಗ ಕೀಮೋಗಿಂತ ಮುಂಚಿನ ತಿಂಗಳುಗಳಿಂದ ಶುರು ಮಾಡಿ. ನಾನು ಕೊನೆಯದರಿಂದ ಶುರು ಮಾಡಿ, ನನ್ನವಳ ಬತ್ತಿಹೋದ ದನಿಯನ್ನೇ ವಾರಗಟ್ಟಲೆ ಕೇಳಿದೆ. ಹಿಂದಕ್ಕೆ ಹೋದಾಗ ಏಳು ಸೆಕೆಂಡಿನದೊಂದು ಸಿಕ್ಕಿತು: ‘ಬರ್ತಾ ಕರಿಬೇವು ತನ್ನಿ, ಮರೀಬೇಡಿ’, ಹಿಂದೆ ಕುಕ್ಕರ್ ಕೂಗ್ತಿದೆ. ಅವಳ ದನಿ ಅಂದ್ರೆ ಅದು. ಅಂಥವು ಸಿಕ್ಕ ಹಾಗೆ ಬೇರೆ ಫೋಲ್ಡರಿಗೆ ಹಾಕಿ, ಏನು ಹೇಳಿದ್ದಾರೆ ಅಂತ ಹೆಸರು ಬದಲಿಸಿಡಿ.