ಡಿಜಿಟಲ್ ಆರ್ಕೈವಿಸ್ಟ್ ಅಂದ್ರೆ ದಿನವಿಡೀ ಸ್ಕ್ಯಾನ್ ಮಾಡ್ತಾ ಕೂರೋದಾ? ಎಂ.ಲಿಬ್ (ಲೈಬ್ರರಿ ಸೈನ್ಸ್‌ನ ಮಾಸ್ಟರ್ಸ್) ಮುಗಿಸಿದೋರು ಈ ಕಡೆ ಬರಬಹುದಾ?

ಈ ಕಡೆ ಬರೋ ಯೋಚನೇಲಿರೋರು ಕೇಳೋದು ಮೂರು ವಿಷ್ಯ: ಕೆಲಸ ಬರೀ ಸ್ಕ್ಯಾನಿಂಗಾ, ಸಂಬಳ ಹೇಗೆ, ಕೋಡಿಂಗ್ ಬರ್ಲೇಬೇಕಾ ಅಂತ. ನಾನು ಕರ್ನಾಟಕದ್ದೇ ಒಂದು ಯೂನಿವರ್ಸಿಟಿ ಲೈಬ್ರರಿಲಿ ಇದೇ ಕೆಲಸದಲ್ಲಿದೀನಿ, ಯಾವ್ದು ಅಂತ ಬೇಡ ಬಿಡಿ. ಹಳೇ ಪುಸ್ತಕ, ತಾಳೆಗರಿ, ಥೀಸಿಸ್ ಇವನ್ನೆಲ್ಲ ಕಂಪ್ಯೂಟರಲ್ಲಿ ಕಾಪಾಡಿ, ಹುಡುಕಿದೋರಿಗೆ ಸಿಗೋ ಹಾಗೆ ಮಾಡೋದೇ ಈ ಕೆಲಸ.

ಸ್ಕ್ಯಾನಿಂಗ್ ಇದ್ದೇ ಇರತ್ತೆ, ಆದ್ರೆ ಈ ಕೆಲಸದಲ್ಲಿ ಎಲ್ಲಕ್ಕಿಂತ ಸುಲಭದ್ದು ಅದೇ. ಮೇಲೆ ಕ್ಯಾಮೆರಾ ಇರೋ ಬುಕ್ ಸ್ಕ್ಯಾನರ್, ಕೆಳಗೆ ಪುಸ್ತಕ ಅರ್ಧ ತೆರೆದು ಇಡೋಕೆ ತೊಟ್ಟಿಲು ತರ ಒಂದು ಸ್ಟ್ಯಾಂಡು (ಪೂರ್ತಿ ಬಿಡಿಸಿ ಒತ್ತಿದ್ರೆ ಹಳೇ ಬೈಂಡಿಂಗ್ ಲಟಕ್ ಅಂತ ಕಿತ್ಕೊಂಡು ಬರತ್ತೆ), ಪುಟ ತಿರುಗಿಸೋದು ಕ್ಲಿಕ್ ಮಾಡೋದು, ಟಿಫ್ ಫೈಲು (ಗುಣಮಟ್ಟ ಕಮ್ಮಿ ಮಾಡದ ದೊಡ್ಡ ಇಮೇಜು) ಮಾಸ್ಟರ್ ಅಂತ ಒಂದ್ ಕಡೆ ಇಡೋದು, ಓದೋರಿಗೆ ಪಿಡಿಎಫ್ ಮಾಡಿ ಇನ್ನೊಂದ್ ಕಡೆ ಹಾಕೋದು. ಎಷ್ಟೋ ಕಡೆ ಇಷ್ಟನ್ನ ಹೊರಗಿನ ಏಜೆನ್ಸಿಗೆ ಕೊಟ್ಟಿರ್ತಾರೆ, ಅವ್ರಿಗೆ ಪುಟದ ಲೆಕ್ಕದಲ್ಲಿ ದುಡ್ಡು, ಸೋ ಅವಸರ. ಬೆರಳು ಅಡ್ಡ ಬಂದಿರೋ ಪುಟ, ಎರಡು ಹಾಳೆ ಒಟ್ಟಿಗೆ ಮಗುಚಿ ಬಿಟ್ಟುಹೋಗಿರೋ ಪುಟ, ಇವನ್ನೆಲ್ಲ ಪುಟಸಂಖ್ಯೆ ಹಿಡಿದು ಕೂತು ಹುಡುಕೋದು ನಮ್ಮ ಪಾಲಿಗೆ. ತಾಳೆಗರಿ ಆದ್ರೆ ಇನ್ನೂ ನಿಧಾನ, ಮೊದ್ಲು ಧೂಳು ತೆಗೀಬೇಕು, ಲೆಮನ್‌ಗ್ರಾಸ್ ಎಣ್ಣೆ ಸವರಿ ಒರೆಸ್ಬೇಕು, ಕೊರೆದ ಅಕ್ಷರ ಮಂಕಾಗಿದ್ರೆ ಮಸಿ ಹಚ್ಬೇಕು, ಆಮೇಲೇ ಕ್ಯಾಮೆರಾ. ಅದು ಅದರಲ್ಲೇ ಪಳಗಿದೋರ ಕೈಲಿ ಆಗೋ ಕೆಲಸ, ಹೊಸಬ್ರನ್ನ ಹತ್ರಾನೂ ಬಿಡಲ್ಲ, ಬಿಡಲೂಬಾರದು.

ಅಸಲಿ ಕೆಲಸ ಶುರು ಆಗೋದು ಇದೆಲ್ಲ ಮುಗಿದ್ಮೇಲೆ. ಇಮೇಜು ಫೋಲ್ಡರಲ್ಲಿದೆ ಸರಿ, ಅದೇನು, ಯಾರ್ದು, ಯಾವ ವರ್ಷದ್ದು ಅಂತ ಯಾರೋ ಒಬ್ರು ಓದಿ ಬರೀದೇ ಇದ್ರೆ ಅದು ಇದ್ದೂ ಇಲ್ಲದ ಹಾಗೆ. ಕೌಟಿಲ್ಯನ ಅರ್ಥಶಾಸ್ತ್ರನೇ ತಗೊಳ್ಳಿ, ಆ ತಾಳೆಗರಿ ಕಟ್ಟು ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದಿತ್ತು, 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಓದಿ ಇದು ಇಂಥದ್ದು ಅಂತ ಗುರುತು ಹಿಡಿದ್ರು, 1909ರಲ್ಲಿ ಅಚ್ಚಾಯ್ತು. ಅವ್ರು ಅಲ್ಲಿ ಲೈಬ್ರೇರಿಯನ್ ಆಗಿದ್ದೋರು, ನಮ್ಮ ಕಸುಬಿನೋರೇ ಅಂತ ನಾನು ಹೊಸದಾಗಿ ಸೇರೋರಿಗೆಲ್ಲ ಹೇಳ್ತೀನಿ.

ನಮ್ಮ ಕಾಲದ ತಾಳೆಗರಿ ಯಾವ್ದು ಗೊತ್ತಾ, ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಲ್ಲಿ ಟೈಪ್ ಮಾಡಿರೋ ಥೀಸಿಸ್ಸು. 2009ರ ಯುಜಿಸಿ ರೂಲ್ಸ್ ಬಂದ್ಮೇಲೆ ಪಿಎಚ್‌ಡಿ ಥೀಸಿಸ್ ಸಾಫ್ಟ್ ಕಾಪಿ ಕೊಡ್ಬೇಕು, ಅದು ಗುಜರಾತಿನ ಗಾಂಧಿನಗರದಲ್ಲಿರೋ ಇನ್‌ಫ್ಲಿಬ್‌ನೆಟ್ (ಯುಜಿಸಿಯ ಲೈಬ್ರರಿ ನೆಟ್‌ವರ್ಕ್ ಸಂಸ್ಥೆ) ನಡೆಸೋ ಶೋಧಗಂಗಾ ಅನ್ನೋ ಥೀಸಿಸ್ ವೆಬ್‌ಸೈಟಿಗೆ ಹೋಗತ್ತೆ. ಕನ್ನಡ, ಇತಿಹಾಸ, ಜಾನಪದ ವಿಭಾಗದ ಥೀಸಿಸ್ ಪಿಡಿಎಫ್ ತೆರೆದ್ರೆ ಕಣ್ಣಿಗೆ ಅಚ್ಚುಕಟ್ಟಾಗಿ ಕನ್ನಡನೇ ಕಾಣತ್ತೆ, ಆದ್ರೆ ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಪೇಸ್ಟ್ ಮಾಡಿ ನೋಡಿ. 'ಕನ್ನಡ' ಅನ್ನೋ ಪದ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಇರೋ ಎ, ಪೌಂಡ್ ಗುರುತು, ಮತ್ತೆ ಅದೇ ಎ, ಒಂದು ಜರ್ಮನ್ ಅಕ್ಷರ, ಹೀಗೆ ಬಂದು ಬೀಳತ್ತೆ. ಹಳೇ ನುಡಿ, ಶ್ರೀಲಿಪಿ ಎಲ್ಲಾ ಇಂಗ್ಲಿಷ್ ಅಕ್ಷರಗಳ ಮನೇಲಿ ಕನ್ನಡದ ಚಿತ್ರ ಕೂರಿಸಿದ್ದು, ಅದು ಯೂನಿಕೋಡ್ (ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ನಂಬರ್ ಕೊಡೋ ವ್ಯವಸ್ಥೆ) ಅಲ್ಲ. ಗೂಗಲ್‌ಗೆ ಆ ಇಡೀ ಥೀಸಿಸಲ್ಲಿ ಒಂದೇ ಒಂದು ಕನ್ನಡ ಪದಾನೂ ಇಲ್ಲ. ಐದು ವರ್ಷ ಊರೂರು ಸುತ್ತಿ ಒಬ್ರು ಮಾಡಿರೋ ಕೆಲಸ, ಹುಡುಕಿದ್ರೆ ಸೊನ್ನೆ ರಿಸಲ್ಟು, ಹೊಟ್ಟೆ ಉರಿಯತ್ತೆ ಕಣ್ರೀ.

ನುಡಿನ ಯೂನಿಕೋಡಿಗೆ ತಿರುಗಿಸೋ ಕನ್ವರ್ಟರ್ ಇದ್ಯಲ್ಲ ಅಂತೀರ, ಇದೆ, ಆದ್ರೆ ಅರ್ಕಾವತ್ತು ('ರ್' ಬದಲು ಬರೆಯೋ ಗುರುತು) ನೋಡಿ, 'ಧರ್ಮ' ಅನ್ನೋದ್ರಲ್ಲಿ ಆ ಗುರುತು ಕಣ್ಣಿಗೆ ಕಾಣೋ ಹಾಗೇ 'ಮ' ಆದ್ಮೇಲೆ ಸೇವ್ ಆಗಿರತ್ತೆ, ಯೂನಿಕೋಡಲ್ಲಿ 'ರ' ಮೊದ್ಲು ಬರ್ಬೇಕು, ಕನ್ವರ್ಟರ್ ಅದನ್ನ ಎತ್ತಿ ಹಿಂದಕ್ಕೆ ಹಾಕ್ಬೇಕು, ಕೆಲವು ಎಡವತ್ತೆ. ಇನ್ನು ಗ್ರಂಥಋಣದ ಪುಟದಲ್ಲಿರೋ ಇಂಗ್ಲಿಷ್ ಪುಸ್ತಕಗಳ ಹೆಸರು ಸಹ ನುಡಿ ಅಂತ ತಿಳ್ಕೊಂಡು ಕನ್ನಡಕ್ಕೆ ತಿರುಗಿಸಿಬಿಡತ್ತೆ, ಆ ಕನ್ನಡ ಓದಿದ್ರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಸ್ಕ್ಯಾನ್ ಮಾಡಿದ ಹಳೇ ಮೊಳೆ ಅಚ್ಚಿನ ಪುಸ್ತಕಕ್ಕೆ ಓಸಿಆರ್ (ಚಿತ್ರದಲ್ಲಿರೋ ಅಕ್ಷರ ಗುರುತಿಸಿ ಟೆಕ್ಸ್ಟ್ ಮಾಡೋ ಸಾಫ್ಟ್‌ವೇರ್) ಹಾಕಿದ್ರೂ ಇದೇ ಗೋಳು, 'ಮ' ಹೋಗಿ 'ವು' ಆಗತ್ತೆ, ಅನುಸ್ವಾರ ಹೋಗಿ ಅಂಕಿಯ ಸೊನ್ನೆ ಆಗತ್ತೆ, ಒತ್ತಕ್ಷರ ಕೆಳಗಿನ ಸಾಲಿಗೆ ಜಾರತ್ತೆ. ಮೊದಲಿಗಿಂತ ಈಗ ಎಷ್ಟೋ ವಾಸಿ, ಆದ್ರೂ ತಿದ್ದೋಕೆ ಮನುಷ್ಯ ಬೇಕೇ ಬೇಕು.

ಹೆಸರಿನದು ಇನ್ನೊಂದು ತಲೆನೋವು. ಕುವೆಂಪು ಅಂತ ಒಂದ್ ಕಡೆ, ಕೆ.ವಿ. ಪುಟ್ಟಪ್ಪ ಅಂತ ಇನ್ನೊಂದ್ ಕಡೆ, ಪುಟ್ಟಪ್ಪ ಕೆ.ವಿ. ಅಂತ ಮತ್ತೊಂದ್ ಕಡೆ ಎಂಟ್ರಿ ಆಗಿದ್ರೆ ಕಂಪ್ಯೂಟರ್ ಲೆಕ್ಕದಲ್ಲಿ ಮೂರು ಜನ. ದೊಡ್ಡೋರದ್ದು ಹೇಗೋ ಗೊತ್ತಾಗತ್ತೆ, ಆದ್ರೆ ಪಿಎಚ್‌ಡಿ ಗೈಡ್‌ಗಳ ಹೆಸ್ರು? ಬಸವರಾಜ, ಬಸವರಾಜ್, ಬಸವರಾಜು, ಡಾ. ಸೇರಿಸಿ ಒಮ್ಮೆ, ಇನಿಷಿಯಲ್ ಹಿಂದೆ ಒಮ್ಮೆ ಮುಂದೆ ಒಮ್ಮೆ. ಓಪನ್‌ರಿಫೈನ್ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಒಂದೇ ತರ ಇರೋ ಹೆಸ್ರನ್ನೆಲ್ಲ ಗುಂಪು ಮಾಡಿ ಮುಂದಿಡತ್ತೆ, ಆದ್ರೆ ಇಬ್ರೂ ಒಬ್ರೇನಾ ಬೇರೆ ಬೇರೆನಾ ಅಂತ ಡಿಪಾರ್ಟ್‌ಮೆಂಟ್‌ಗೆ ಫೋನ್ ಹಾಕಿ ಹಳೇ ಗುಮಾಸ್ತರನ್ನ ಕೇಳಿದ್ರೇನೇ ಗೊತ್ತಾಗೋದು.

ಇನ್ನು ಸ್ಟೋರೇಜ್. ಪ್ರತಿ ಫೈಲಿಗೂ ಚೆಕ್‌ಸಮ್ ಅಂತ ತೆಗೆದು ಇಡ್ತೀವಿ, ಅಕ್ಷರ ಅಂಕಿ ಸೇರಿರೋ 64 ಗುರುತಿನ ಒಂದು ಸಾಲು, ಫೈಲಲ್ಲಿ ಒಂದೇ ಒಂದು ಬಿಟ್ ಕೆಟ್ರೂ ಆ ಸಾಲು ಪೂರ್ತಿ ಬದಲಾಗತ್ತೆ. ಆಗಾಗ ಮತ್ತೆ ತೆಗೆದು ತಾಳೆ ನೋಡೋದು, ಕೆಟ್ಟಿದ್ರೆ ಬೇರೆ ಕಾಪಿಯಿಂದ ತರೋದು, ಒಂದು ಕಾಪಿ ಬೇರೆ ಬಿಲ್ಡಿಂಗಲ್ಲಿ ಇರ್ಲೇಬೇಕು. ಹಳೇ ಥೀಸಿಸ್ ರಟ್ಟಿನ ಒಳಗೆ ಅಂಟಿಸಿರೋ ಸಿಡಿಗಳು ಈಗ ಒಂದೊಂದಾಗಿ ಓದೋದು ನಿಲ್ಲಿಸ್ತಿವೆ, ಅವನ್ನ ಮೊದ್ಲು ಇಳಿಸ್ಕೊಬೇಕು.

ಕಾಪಿರೈಟೂ ಗೊತ್ತಿರ್ಬೇಕು, ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರತ್ತೆ, ಪುಸ್ತಕ ಹಳೇದಾಗಿ ಕಾಣತ್ತೆ ಅಂತ ಎಲ್ಲಾನೂ ಓಪನ್ ಆಗಿ ಹಾಕೋಕಾಗಲ್ಲ. ಇಷ್ಟೆಲ್ಲ ಮಾಡಿದ್ಮೇಲೆ ನಮ್ಮಲ್ಲಿ ಜಾಸ್ತಿ ಡೌನ್‌ಲೋಡ್ ಆಗೋದು ಯಾವ್ದು ಅಂತೀರ? ಹಳೇ ಕ್ವೆಶ್ಚನ್ ಪೇಪರ್.

ಸಂಬಳಕ್ಕೆ ಬರೋಣ. 'ಡಿಜಿಟಲ್ ಆರ್ಕೈವಿಸ್ಟ್' ಅಂತ ಪೋಸ್ಟು ನಮ್ಮ ಸ್ಟೇಟ್ ಯೂನಿವರ್ಸಿಟಿಗಳಲ್ಲಿ ಹುಡುಕ್ತಾ ಕೂತ್ರೆ ಸಿಗೋದು ಕಷ್ಟ. ಅಸಿಸ್ಟೆಂಟ್ ಲೈಬ್ರೇರಿಯನ್ ಆಗಿ ಸೇರಿ ಈ ಕೆಲಸ ಹೆಗಲಿಗೆ ಬೀಳತ್ತೆ, ಇಲ್ಲಾ ಪ್ರಾಜೆಕ್ಟಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಸೇರ್ತೀರ. ಮೊದಲನೇದಕ್ಕೆ ಎಂ.ಲಿಬ್ ಜೊತೆ ನೆಟ್ ಅಥವಾ ಕೆಸೆಟ್ (ರಾಷ್ಟ್ರ ಮಟ್ಟದ್ದು, ಕರ್ನಾಟಕದ್ದು, ಎರಡೂ ಅರ್ಹತಾ ಪರೀಕ್ಷೆ) ಬೇಕು, ಏಳನೇ ವೇತನ ಆಯೋಗದ ಯುಜಿಸಿ ಸ್ಕೇಲಲ್ಲಿ ಬೇಸಿಕ್ 57,700ರಿಂದ ಶುರು, ಆದ್ರೆ ಖಾಲಿ ಹುದ್ದೆ ತುಂಬೋದು ಯಾವಾಗ ಅಂತ ಆ ದೇವ್ರಿಗೇ ಗೊತ್ತು. ಎರಡನೇದ್ರಲ್ಲಿ ಸಂಬಳ ತೀರಾ ಕಮ್ಮಿ, ಪ್ರಾಜೆಕ್ಟ್ ಮುಗೀತಿದ್ದಂಗೆ ನೀವೂ ಹೊರಗೆ. ಕಾಲೇಜು, ಯೂನಿವರ್ಸಿಟಿಗಳಿಗೆ ಗ್ರೇಡ್ ಕೊಡೋ ನ್ಯಾಕ್ ಟೀಮ್ ಬರೋ ತಿಂಗಳಲ್ಲಿ ಮಾತ್ರ ಎಲ್ಲರಿಗೂ ನಮ್ಮ ನೆನಪಾಗತ್ತೆ. ನನ್ನ ಸಲಹೆ, ನೆಟ್ ಪಾಸ್ ಮಾಡ್ಕೊಂಡು ಕಾಂಟ್ರ್ಯಾಕ್ಟಲ್ಲಿ ಬೇಕಾದ್ರೆ ಸೇರಿ, ನೆಟ್ ಇಲ್ದೇ ವರ್ಷಗಟ್ಟಲೆ ಅಲ್ಲೇ ಕೂರ್ಬೇಡಿ.

ಕೋಡಿಂಗ್ ಬರದಿದ್ರೂ ನಡೆಯತ್ತೆ, ಲಿನಕ್ಸ್ ಕಮಾಂಡ್ ಒಂದಷ್ಟು, ಎಕ್ಸೆಲ್ ಚೆನ್ನಾಗಿ, ಡಬ್ಲಿನ್ ಕೋರ್‌ನ (ಹೆಸರು, ಲೇಖಕರು, ವರ್ಷ ಅಂತ ವಿವರ ತುಂಬೋ ಸ್ಟ್ಯಾಂಡರ್ಡ್) 15 ಎಲಿಮೆಂಟು ಇವಿಷ್ಟು ಬಂದ್ರೆ ಸಾಕು. ಡಿಸ್ಪೇಸ್ ಅಂತ ಡಿಜಿಟಲ್ ಲೈಬ್ರರಿ ನಡೆಸೋ ಸಾಫ್ಟ್‌ವೇರ್ ಇದೆ, ಫ್ರೀ, ಎಂಐಟಿಯೋರು ಎಚ್‌ಪಿ ಜೊತೆ ಸೇರಿ 2002ರಲ್ಲಿ ಬಿಟ್ಟಿದ್ದು, ನಿಮ್ಮ ಲ್ಯಾಪ್‌ಟಾಪಲ್ಲೇ ಇನ್‌ಸ್ಟಾಲ್ ಮಾಡಿ ಊರಿನ ಜಾತ್ರೆ ಕರಪತ್ರನೋ ಮನೇಲಿರೋ ಹಳೇ ಪಂಚಾಂಗನೋ ಏನಾದ್ರೂ ಒಂದಿಪ್ಪತ್ತು ಐಟಂ ಹಾಕಿ ನೋಡಿ. ಇನ್‌ಸ್ಟಾಲ್ ಮಾಡೋವಾಗ ಜಾವಾ ವರ್ಷನ್ ಸರಿ ಹೊಂದ್ದೇ ಎರರ್ ಹೊಡೆಯತ್ತೆ, ಮೊದ್ಲು ಅದನ್ನೇ ಚೆಕ್ ಮಾಡ್ಕೊಳ್ಳಿ.