ವರ್ಕ್‌ಶಾಪ್ ಮುಗೀತು, ಪಾಠ ಮಾತ್ರ ಹಾಗೇ ಇದೆ

ಈ ಸಲ ಬಂದ ಪತ್ರಗಳಲ್ಲಿ ಡಿಗ್ರಿ ಪಾಠದ ಬಗ್ಗೆ ಬಂದವೇ ಜಾಸ್ತಿ. ಹಾಗಾಗಿ ಒಟ್ಟಿಗೇ ಉತ್ತರಿಸುತ್ತಿದ್ದೇವೆ.

ಪ್ರಶ್ನೆ: ನಾನು ವಿಶ್ವವಿದ್ಯಾಲಯದ ಒಂದು ವಿಭಾಗದ ಮುಖ್ಯಸ್ಥೆ. ಪಾಠ ಸುಧಾರಿಸಲಿ ಅಂತ ಪ್ರತಿ ವರ್ಷ ಅಧ್ಯಾಪಕರಿಗೆ ವರ್ಕ್‌ಶಾಪ್ ಮಾಡಿಸುತ್ತೇವೆ. ಎಲ್ಲರೂ ಬರುತ್ತಾರೆ, ಸರ್ಟಿಫಿಕೇಟ್ ತೆಗೆದುಕೊಳ್ಳುತ್ತಾರೆ. ಮರುವಾರ ಮತ್ತೆ ಅದೇ ಹಳೇ ನೋಟ್ಸ್. ಏನು ಮಾಡಲಿ?

ಉತ್ತರ: ವರ್ಕ್‌ಶಾಪಿನ ಕೈಲಿ ಆಗದ ಕೆಲಸವನ್ನು ಅದಕ್ಕೆ ವಹಿಸಿದ್ದೀರಿ, ಅಷ್ಟೇ. ಅಲ್ಲಿ ಕೇಳಿದ್ದೆಲ್ಲ ಕೇಳುವಾಗ ಚೆನ್ನಾಗಿಯೇ ಇರುತ್ತದೆ. ಆದರೆ ಸೋಮವಾರ ತುಂಬಿದ ಕ್ಲಾಸಿನ ಮುಂದೆ ನಿಂತಾಗ, ಇವತ್ತಿನ ಅಧ್ಯಾಯಕ್ಕೆ ಅದನ್ನು ಹೇಗೆ ಹೊಂದಿಸೋದು ಅಂತ ಕೇಳೋಣ ಅಂದರೆ ಪಕ್ಕದಲ್ಲಿ ಯಾರೂ ಇರುವುದಿಲ್ಲ. ಆಗ ಕೈ ತಾನಾಗಿ ಹಳೇ ನೋಟ್ಸಿಗೇ ಹೋಗುತ್ತದೆ.

ಕಾರ್ಲ್ ವೀಮನ್ ಅಂತ ಒಬ್ಬರಿದ್ದಾರೆ, 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಹಂಚಿಕೊಂಡವರು. ಆಮೇಲೆ ಅವರು ಬೆನ್ನು ಹತ್ತಿದ್ದು ಡಿಗ್ರಿ ಪಾಠವನ್ನು! ಅಮೆರಿಕದ ಕೊಲೊರಾಡೊ, ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯಗಳಲ್ಲಿ ಅವರು ಹಣವನ್ನು ವಿಭಾಗಗಳಿಗೇ ಕೊಡಿಸಿದರು. ಆ ಹಣದಲ್ಲಿ ವಿಭಾಗಗಳು, ವಿಷಯದಲ್ಲಿ ಪಿಎಚ್‌ಡಿ ಮಾಡಿ, ಮಕ್ಕಳು ಕಲಿಯುವ ಬಗೆಯನ್ನೂ ಅಭ್ಯಾಸ ಮಾಡಿದ ಜನರನ್ನು ಇಟ್ಟುಕೊಂಡವು. ಅವರು ಅಧ್ಯಾಪಕರ ಜೊತೆ ಕೂತು, ಒಂದೊಂದೇ ಕೋರ್ಸನ್ನು ಹಿಡಿದು ತಿದ್ದಿದರು. ಹೊರಗಿನಿಂದ ಬಂದು ಭಾಷಣ ಮಾಡಿ ಹೋಗುವವರಿಗಿಂತ ಇಂಥವರ ಮಾತಿಗೆ ಬೆಲೆ ಜಾಸ್ತಿ, ಅಲ್ವಾ?

ನಿಮ್ಮಲ್ಲಿ ಅಷ್ಟು ಹಣ ಇಲ್ಲದಿರಬಹುದು. ಆದರೂ ಒಂದೇ ಕೋರ್ಸ್ ಆರಿಸಿಕೊಳ್ಳಿ, ಮೊದಲ ವರ್ಷದ ದೊಡ್ಡ ಕೋರ್ಸಾದರೆ ಒಳ್ಳೆಯದು. ಇಷ್ಟವಿರುವ ಇಬ್ಬರಿಗೆ ಅದನ್ನು ವಹಿಸಿ, ಒಂದು ಸೆಮಿಸ್ಟರ್ ಮಟ್ಟಿಗೆ ಅವರ ಬೇರೆ ಕೆಲಸ ಕಡಿಮೆ ಮಾಡಿ. ಇದನ್ನು ಮಾಡದೆ ಬರೀ ಪ್ರೋತ್ಸಾಹದ ಮಾತಾಡಿದರೆ ಏನೂ ಆಗುವುದಿಲ್ಲ, ಖಂಡಿತ. ಮೊದಲ ಕೆಲಸವಾಗಿ ಕಳೆದ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಹರಡಿಕೊಂಡು ಕೂರಲಿ. ಅಂಕ ಬಿಡಿ, ಹೆಚ್ಚು ಜನ ಒಂದೇ ಥರ ತಪ್ಪಿದ್ದು ಎಲ್ಲಿ ಅಂತ ನೋಡಲಿ.

ಒಂದು ಉದಾಹರಣೆ. ಲಾರಿಯೂ ಕಾರೂ ಡಿಕ್ಕಿ ಹೊಡೆದಾಗ ಯಾವುದರ ಮೇಲೆ ಬೀಳುವ ಬಲ ಜಾಸ್ತಿ? ನ್ಯೂಟನ್ನನ ಮೂರನೇ ನಿಯಮವನ್ನು ಅಚ್ಚುಕಟ್ಟಾಗಿ ಬರೆದ ಹುಡುಗರೇ ಕಾರಿನ ಮೇಲೆ ಅನ್ನುತ್ತಾರೆ. ಎರಡರ ಮೇಲೂ ಬಲ ಸಮಾನ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ ಇಂಥದ್ದನ್ನೇ ಕಂಡು 1990ರ ದಶಕದ ಆರಂಭದಲ್ಲಿ ಪಾಠದ ರೀತಿ ಬದಲಿಸಿದರು. ಪಾಠದ ನಡುವೆ ಒಂದು ಪ್ರಶ್ನೆ. ಮೊದಲು ಒಬ್ಬೊಬ್ಬರೇ ಯೋಚಿಸಿ ಉತ್ತರ ಆರಿಸಬೇಕು. ಸರಿ ಹೇಳಿದವರು ಸುಮಾರು ಶೇ 30ರಿಂದ 70ರೊಳಗಿದ್ದರೆ ಪಕ್ಕದವರ ಜೊತೆ ವಾದ ಮಾಡಲು ಬಿಟ್ಟು, ಮತ್ತೆ ಉತ್ತರ ಕೇಳುತ್ತಾರೆ. ತೀರಾ ಕಡಿಮೆ ಇದ್ದರೆ ಮತ್ತೆ ವಿವರಿಸುತ್ತಾರೆ. ಈ ಪ್ರಶ್ನೆ ಬರೆಯುವುದೇ ಕಷ್ಟದ ಕೆಲಸ. ಇಬ್ಬರು ಕೂತರೆ ಬೇಗ ಆಗುತ್ತದೆ.

ಪ್ರಶ್ನೆ: ಚರ್ಚೆ, ಪ್ರಶ್ನೆ ಎಲ್ಲ ಶುರು ಮಾಡಿದೆ. ಫೀಡ್‌ಬ್ಯಾಕ್ ಫಾರ್ಮಿನಲ್ಲಿ ‘ಸರ್ ಪಾಠಾನೇ ಮಾಡಲ್ಲ’ ಅಂತ ಬರೆದಿದ್ದಾರೆ. ಪ್ರಮೋಷನ್‌ಗೆ ಪೆಟ್ಟು ಬೀಳುತ್ತಾ?

ಉತ್ತರ: ನಿಮ್ಮ ಹುಡುಗರು ಸುಳ್ಳು ಹೇಳುತ್ತಿಲ್ಲ, ಅವರಿಗೆ ಹಾಗೇ ಅನ್ನಿಸಿದೆ. ಹಾರ್ವರ್ಡಿನ ಭೌತಶಾಸ್ತ್ರದ ಕ್ಲಾಸುಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಇದೇ ಕಂಡಿತ್ತು. ಟೆಸ್ಟ್ ಮಾಡಿ ನೋಡಿದರೆ, ಬರೀ ಲೆಕ್ಚರ್ ಕೇಳಿದವರಿಗಿಂತ ತಾವೇ ತಲೆ ಓಡಿಸಿದವರು ಹೆಚ್ಚು ಕಲಿತಿದ್ದರು, ಆದರೆ ಕಡಿಮೆ ಕಲಿತೆವು ಅಂದುಕೊಂಡಿದ್ದರು. ಸರಾಗವಾದ ಲೆಕ್ಚರ್ ಕೇಳುವಾಗ ಎಲ್ಲ ಅರ್ಥವಾದಂತೆಯೇ ಇರುತ್ತದೆ. ಇದನ್ನು ಸೆಮಿಸ್ಟರಿನ ಶುರುವಿನಲ್ಲೇ ಮಕ್ಕಳಿಗೆ ಹೇಳಿಬಿಡಿ.

ಇನ್ನೊಂದು, ಕೊನೆಯ ಫಾರ್ಮಿಗೆ ಕಾಯಬೇಡಿ. ಅರ್ಧ ಸೆಮಿಸ್ಟರ್ ಆದಾಗ ಒಬ್ಬ ಸಹೋದ್ಯೋಗಿಯನ್ನು ಕರೆದು ನೀವು ಹೊರಗೆ ಹೋಗಿ. ಅವರು ವಿದ್ಯಾರ್ಥಿಗಳನ್ನು ಸಣ್ಣ ಗುಂಪು ಮಾಡಿ, ಯಾವುದು ಅನುಕೂಲ, ಯಾವುದು ಅಡ್ಡಿ, ಏನು ಬದಲಾಗಬೇಕು ಅಂತ ಕೇಳಿ ಬರೆದುಕೊಳ್ಳಲಿ. ಮುಂದಿನ ಕ್ಲಾಸಿನಲ್ಲಿ, ಇದನ್ನು ಬದಲಿಸುತ್ತೇನೆ, ಇದನ್ನು ಬದಲಿಸುವುದಿಲ್ಲ, ಕಾರಣ ಇದು ಅಂತ ಹೇಳಿ. ಪ್ರಮೋಷನ್ ವಿಷಯ ನಿಮ್ಮ ಕೈಲಿಲ್ಲ, ನಿಜ. ಒಂದು ಫಾರ್ಮಿನ ಸರಾಸರಿ ನೋಡಿ ಪಾಠ ಅಳೆಯುವ ಸಂಸ್ಥೆ ಹೊಸದನ್ನು ಮಾಡಬೇಡಿ ಅಂತ ಹೇಳಿದ ಹಾಗೇ. ಈ ಮಾತು ಮೊದಲ ಪತ್ರ ಬರೆದ ಮೇಡಂ ಅವರಿಗೂ!

ಪ್ರಶ್ನೆ: ಸೀನಿಯರ್ ಒಬ್ಬರು ನನ್ನ ಕ್ಲಾಸಿಗೆ ಬಂದು ಕೂರುತ್ತಾರಂತೆ. ಭಯ.

ಉತ್ತರ: ಅವರು ಮಾರ್ಕ್ಸ್ ಹಾಕಲು ಬರುತ್ತಿದ್ದಾರಾ, ಸಹಾಯಕ್ಕೆ ಬರುತ್ತಿದ್ದಾರಾ ಅಂತ ಮೊದಲೇ ಕೇಳಿಬಿಡಿ. ಎರಡನ್ನೂ ಒಬ್ಬರೇ ಮಾಡಬಾರದು. ಸಹಾಯಕ್ಕಾದರೆ ಸುಮ್ನೆ ‘ಚೆನ್ನಾಗಿತ್ತು’ ಅನ್ನುವ ಬದಲು, ಎರಡೆರಡು ನಿಮಿಷಕ್ಕೆ ನೀವು ಏನು ಮಾಡುತ್ತಿದ್ದಿರಿ, ಮಕ್ಕಳು ಏನು ಮಾಡುತ್ತಿದ್ದರು ಅಂತ ಗುರುತು ಹಾಕಿಕೊಡಲು ಹೇಳಿ. 2013ರಲ್ಲಿ ಬಂದ ಕೋಪಸ್ ಅನ್ನುವ ಪದ್ಧತಿ ಇದೇ. ಆ ಹಾಳೆ ನಿಮ್ಮ ಹತ್ತಿರವೇ ಇರಲಿ.

ಪ್ರಶ್ನೆ: ಇದೆಲ್ಲ ಮಾಡುತ್ತಾ ಕೂತರೆ ಪೋರ್ಷನ್ ಮುಗಿಯೋದು ಯಾವಾಗ?

ಉತ್ತರ: ಸ್ವಲ್ಪ ಬಿಡಬೇಕಾಗುತ್ತದೆ. ಓದಿಕೊಂಡರೆ ತಿಳಿಯುವುದನ್ನು ಮನೆಗೆ ಕೊಡಿ, ಎಡವುವ ಜಾಗಕ್ಕೆ ಕ್ಲಾಸಿನ ಸಮಯ ಇಡಿ. ವಿಜ್ಞಾನ, ಎಂಜಿನಿಯರಿಂಗ್, ಗಣಿತದ 225 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದ 2014ರ ವಿಶ್ಲೇಷಣೆಯಲ್ಲಿ ಬರೀ ಲೆಕ್ಚರ್ ಕೇಳಿದವರಲ್ಲಿ ಸುಮಾರು ಶೇ 34ರಷ್ಟು, ಕ್ಲಾಸಿನಲ್ಲೇ ಕೆಲಸ ಮಾಡಿದವರಲ್ಲಿ ಸುಮಾರು ಶೇ 22ರಷ್ಟು ಫೇಲಾಗಿದ್ದರು. ಯಾವ ಅಧ್ಯಾಯ ಬಿಡಬಹುದು ಅಂತ ಮಾತ್ರ ಒಬ್ಬರೇ ತೀರ್ಮಾನಿಸಬೇಡಿ, ಮುಂದಿನ ಸೆಮಿಸ್ಟರಿನ ಪಾಠ ಮಾಡುವವರನ್ನು ಕೇಳಿ.